ಕ್ರಮ ಟೀಚರ್

ಟೀಚರ್ ತೀರಿಹೋದ ಸುದ್ದಿ ನನಗೆ ತಿಳಿದದ್ದು ವಾಟ್ಸಾಪಿನಿಂದ. ಶಾಲೆಯ ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ಯಾರೋ ‘ಕ್ರಮ ಟೀಚರ್ ಇನ್ನಿಲ್ಲ’ ಎಂದು ಬರೆದಿದ್ದರು. ಕೆಳಗೆ ಓಂ ಶಾಂತಿಗಳೂ ಕೈಮುಗಿದ ಚಿತ್ರಗಳೂ ಧಾರಾಳವಾಗಿ ಸುರಿದಿದ್ದವು. ನಡುವೆ ಶಾಲೆಯ ಸಂಚಾಲಕರದ್ದೂ ಒಂದು ಸಂದೇಶ ಇತ್ತು: ‘ಶಿಸ್ತು, ಕ್ರಮ, ಸಂಯಮಗಳ ಸಾಕಾರಮೂರ್ತಿ. ಸಂಸ್ಥೆಗೆ ತುಂಬಲಾರದ ನಷ್ಟ.’ ನಾನು ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ ಅಂಗಳಕ್ಕೆ ಹೋಗಿ ನಿಂತೆ. ಸಂತಾಪ ಸೂಚಿಸುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ನಂಬಿದವನು ನಾನು.

ಅವರು ಕನ್ನಡ ಟೀಚರ್, ನಾನು ಗಣಿತದ ಮಾಸ್ಟ್ರು. ಒಂದೇ ಶಿಕ್ಷಕರ ಕೊಠಡಿಯಲ್ಲಿ ಎದುರುಬದುರು ಕುಳಿತು ನಮ್ಮ ಕೆಲಸದ ಆಯುಷ್ಯವನ್ನೆಲ್ಲ ಕಳೆದವರು. ಶಾಲೆ ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ನಡುವೆ ಎಲ್ಲೋ ಇಳಿದು ಒಳಗೆ ನಡೆಯಬೇಕಾದ ಒಂದು ಊರಿನಲ್ಲಿತ್ತು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ನಾಲ್ಕು ಜನ ಪೆರಾಬೆಯ ನಮ್ಮ ಮನೆಗೆ ಬಂದು, ಚಹಾ ಕುಡಿದು, ನನಗೆ ಬುದ್ಧಿ ಹೇಳಿ ಹೋಗುತ್ತಾರೆ. ಈ ಪ್ರಾಯದಲ್ಲಿ ಅಷ್ಟು ಬುದ್ಧಿ ನನಗೆ ಜೀರ್ಣವಾಗುವುದಿಲ್ಲ.

ಟೀಚರ ತವರು ಕೊಲ್ಲಮೊಗ್ರು. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ತರಗತಿಯಲ್ಲಿ ಮಾತ್ರ ತೊಳೆದು ಕವುಚಿಟ್ಟ ಪಾತ್ರೆಯಂಥ ಕನ್ನಡ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ “ನನ್ನ ಸರದಿ ಬರುವಾಗ ಗಂಡಸರೆಲ್ಲ ಮುಗಿದಿದ್ದರು” ಎನ್ನುತ್ತಿದ್ದರು. ಶಾಲೆಯ ಹತ್ತಿರ ಒಂದು ಬಾಡಿಗೆ ಮನೆ, ಅದರ ಜಗಲಿಯಲ್ಲಿ ಯಾವಾಗಲೂ ಒಂದು ಕೊಡೆ. ಬೇಸಿಗೆಯಲ್ಲೂ ಕೊಡೆ ಹಿಡಿದೇ ಶಾಲೆಗೆ ಬರುವರು. ನಡೆಯುವಾಗ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಸ್ವಲ್ಪವೇ ಎತ್ತಿ, ನೆಲ ನೋಡಿ, ಅಳೆದಂತೆ ಹೆಜ್ಜೆ ಇಡುತ್ತಿದ್ದರು. ಅವರು ಓಡಿದ್ದನ್ನು ನಾನು ಕಂಡದ್ದಿಲ್ಲ, ಬಸ್ಸು ತಪ್ಪುವಾಗಲೂ ಕಂಡದ್ದಿಲ್ಲ.

‘ಕ್ರಮ ಟೀಚರ್’ ಎಂಬ ಅಡ್ಡಹೆಸರು ಬಂದದ್ದು ಎಂಟನೇ ತರಗತಿಯಿಂದ. ಪ್ರತಿ ಜೂನ್ ತಿಂಗಳಲ್ಲಿ ಹೊಸ ಮಕ್ಕಳಿಗೆ ಅವರು ಪುಸ್ತಕ ತೆರೆಸುತ್ತಿರಲಿಲ್ಲ. ಬಾಗಿಲಿನಿಂದ ಕರಿಹಲಗೆಯವರೆಗೆ ನಿಧಾನವಾಗಿ ನಡೆದು ತಿರುಗಿ ನಿಲ್ಲುವರು.

“ನಾನೀಗ ಎಂತ ಮಾಡಿದೆ?”

“ನಡೆದ್ರಿ ಟೀಚರ್.”

“ನಡೆದೆ. ದೊಡ್ಡ ಮಾತಿನಲ್ಲಿ ಹೇಳುದಾದ್ರೆ ಕ್ರಮಿಸಿದೆ. ಕ್ರಮ ಅಂದ್ರೆ ಮೊದಲ ಅರ್ಥ ಹೆಜ್ಜೆ. ಸಾಲಲ್ಲಿ ನಿಲ್ಲುದು, ನಂಬರು ಹಾಕುದು, ಅದೆಲ್ಲ ಮತ್ತೆ ಬಂದ ಅರ್ಥ. ಒಂದು ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ ಬರ್ತದಲ್ಲ, ಎರಡು ಕಾಲೂ ಒಟ್ಟಿಗೆ ಎತ್ತಿದ್ರೆ ಬೀಳ್ತೀರಲ್ಲ, ಹಾಗಾಗಿ ಹೆಜ್ಜೆಗೆ ಇದ್ದ ಹೆಸರೇ ಒಂದರ ಹಿಂದೆ ಒಂದು ಬರುದಕ್ಕೂ ಬಂತು.”

ಆಮೇಲೆ ಆ ಪದದ ಸಂಸಾರವನ್ನೆಲ್ಲ ತರಗತಿಗೆ ಕರೆದು ತರುತ್ತಿದ್ದರು. ಮುಂದಕ್ಕೆ ದೊಡ್ಡ ಹೆಜ್ಜೆ ಇಟ್ಟರೆ ಪರಾಕ್ರಮ. ಇನ್ನೊಬ್ಬರ ಮೇಲೆ ಇಟ್ಟರೆ ಆಕ್ರಮಣ. ಗೆರೆ ದಾಟಿ ಇಟ್ಟರೆ ಅತಿಕ್ರಮಣ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಕಾಲಿಟ್ಟರೆ ಸಂಕ್ರಮಣ. ಮಾಡುವ ಕೆಲಸ ಹೆಜ್ಜೆ ಹೆಜ್ಜೆಯಾಗಿ ನಡೆದರೆ ಕಾರ್ಯಕ್ರಮ. “ಅಕ್ರಮ ಸಕ್ರಮ ಅಂದ್ರೆ ಎಂತ ಟೀಚರ್?” ಎಂದು ಯಾರಾದರೂ ಕೇಳಿಯೇ ಕೇಳುವರು, ಅರ್ಧಕ್ಕರ್ಧ ಮಕ್ಕಳ ಅಪ್ಪಂದಿರು ಅದಕ್ಕಾಗಿ ತಾಲೂಕು ಕಚೇರಿಗೆ ಅಲೆಯುತ್ತಿದ್ದ ಕಾಲ. “ಬೇಲಿ ಆಚೆ ಇಟ್ಟ ಕಾಲನ್ನು ಸರ್ಕಾರ ಒಪ್ಪುದು ಮಾರಾಯ” ಎಂದಾಗ ತರಗತಿ ಗೊಳ್ಳೆನ್ನುವುದು ಪಕ್ಕದ ಕೋಣೆಯಲ್ಲಿ ಬೀಜಗಣಿತ ಮಾಡುತ್ತಿದ್ದ ನನಗೂ ಕೇಳಿಸುತ್ತಿತ್ತು.

‘ಅನುಕ್ರಮ’ಕ್ಕೆ ಅವರು ಮಕ್ಕಳನ್ನು ಎಬ್ಬಿಸಿ ನಡೆಸುತ್ತಿದ್ದರು. “ಅನು ಅಂದ್ರೆ ಹಿಂದೆ. ಮುಂದಿನವಳು ಕಾಲು ತೆಗೆದ ಜಾಗದಲ್ಲಿ ಹಿಂದಿನವಳು ಕಾಲಿಡುದು. ಅವಳು ತೆಗೆಯುವ ಮೊದಲು ಇಟ್ರೆ ಅದು ಅನುಕ್ರಮ ಅಲ್ಲ, ತುಳಿಯುದು.” ಹೆಣ್ಣುಮಕ್ಕಳು ಲಂಗ ಎತ್ತಿ ಹಿಡಿದು ಒಬ್ಬರ ಹಿಂದೊಬ್ಬರು ನಗುತ್ತ ಕೋಣೆಯನ್ನು ಸುತ್ತುವರು. ಒಮ್ಮೆ ಟೀಚರ್ ನನ್ನ ಹತ್ತಿರ ಬಂದು “ನಿಮ್ಮ ಸಮಾಂತರ ಶ್ರೇಢಿಯೂ ಇದೇ ಅಲ್ವಾ ಮಾಸ್ಟ್ರೇ, ಸಮವಾದ ಹೆಜ್ಜೆ?” ಎಂದು ಕೇಳಿದ್ದರು. ಹೌದು ಎಂದೆ. ಆ ವರ್ಷದಿಂದ ನಾನೂ ಹಾಗೆಯೇ ಪಾಠ ಮಾಡಿದೆ, ಮಕ್ಕಳಿಗೆ ಬೇಗ ತಲೆಗೆ ಹೋಯಿತು.

ನಮ್ಮ ಕಡೆ ‘ಕ್ರಮ’ಕ್ಕೆ ಇನ್ನೊಂದು ಅರ್ಥ ಇರುವುದು ಎಲ್ಲರಿಗೂ ಗೊತ್ತು. ಮದುವೆಗೆ ಹೋದವನು ಉಣ್ಣದೆ ಎದ್ದರೆ ಅದು ಕ್ರಮ ಅಲ್ಲ. ದೊಡ್ಡವರ ಎದುರು ಕಾಲ ಮೇಲೆ ಕಾಲು ಹಾಕಿದರೆ ಅದು ಕ್ರಮ ಅಲ್ಲ. ‘ಹಾಗೊಂದು ಕ್ರಮ ಉಂಟು’ ಎಂದರೆ ಮುಗಿಯಿತು, ಮೇಲಿನ ಕೋರ್ಟು ಇಲ್ಲ. ಟೀಚರ್ ಇದನ್ನೂ ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದರು: “ಹಿಂದಿನವರು ನಡೆದ ಹೆಜ್ಜೆ ಅಂತ ಅರ್ಥ ಅಷ್ಟೇ. ಅವರು ಕೆಸರಿಗೆ ಇಟ್ಟಿದ್ರೆ ನೀವೂ ಕೆಸರಿಗೇ ಇಡ್ಬೇಕು ಅಂತ ಅಲ್ಲ.” ಇದನ್ನು ಅಷ್ಟು ಚೆನ್ನಾಗಿ ಹೇಳಿದವರು ತಾವು ಮಾತ್ರ ಒಂದು ದಿನವೂ ಕ್ರಮ ಬಿಟ್ಟು ನಡೆಯಲಿಲ್ಲ. ಅವರ ಮೇಲೆ ನನಗಿರುವ ಸಿಟ್ಟು ಇದೊಂದೇ, ಸತ್ತರೆಂದು ಅದು ಇಳಿದಿಲ್ಲ.

ನಮ್ಮ ಜಿಲ್ಲೆಯಲ್ಲಿ ಎರಡು ಕುರ್ಚಿ, ಒಂದು ಮೈಕು ಸಿಕ್ಕಿದರೆ ಸಭಾ ಕಾರ್ಯಕ್ರಮ ಆಗಿಯೇ ಆಗುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ, ಅತಿಥಿಗಳ ನುಡಿ, ಅಧ್ಯಕ್ಷರ ನುಡಿ. ಕೊನೆಯಲ್ಲಿ ಧನ್ಯವಾದ. ಧನ್ಯವಾದ ಯಾರಿಗೂ ಬೇಡದ ಕೆಲಸ. ಸಭೆಗೆ ಹಸಿವಾಗಿರುತ್ತದೆ, ಅಡುಗೆಯ ಪರಿಮಳ ಬರುತ್ತಿರುತ್ತದೆ, ಆದರೆ ಒಂದು ಹೆಸರು ಬಿಟ್ಟುಹೋದರೆ ಅದರ ಯಜಮಾನನಿಗೆ ಮಾತ್ರ ಕಿವಿ ನೆಟ್ಟಗಿರುತ್ತದೆ. ಆ ಕೆಲಸ ಟೀಚರ ತಲೆಗೆ ಬಂದು ಅಲ್ಲಿಯೇ ಉಳಿಯಿತು. ಅವರು ಚೀಟಿ ಹಿಡಿಯುತ್ತಿರಲಿಲ್ಲ. ವೇದಿಕೆಯಲ್ಲಿ ಕುಳಿತವರು, ಅವರ ನಂತರ ದಾನಿಗಳು, ಆಮೇಲೆ ಊರವರು, ಶಾಮಿಯಾನದವರು, ಮೈಕಿನವರು, ಅಡುಗೆಯವರು. ಮೆಟ್ಟಿಲು ಇಳಿದಂತೆ ಇಳಿದು ಬಂದು ಕೈ ಮುಗಿಯುತ್ತಿದ್ದರು.

ಒಮ್ಮೆ ಹಾಲಿನ ಸೊಸೈಟಿಯ ಮಾಜಿ ಅಧ್ಯಕ್ಷರ ಹೆಸರನ್ನು ಹಾಲಿ ಅಧ್ಯಕ್ಷರ ನಂತರ ಹೇಳಿದ್ದಕ್ಕೆ ಮಾಜಿಗಳು ಎಲೆಯ ಮುಂದಿನಿಂದ ಎದ್ದು ಹೋದರು. ಪಾಯಸ ಬಡಿಸುತ್ತಿದ್ದವ ಸೌಟು ಹಿಡಿದು ನಿಂತೇ ಬಿಟ್ಟ. ಮರುದಿನ ಟೀಚರ್ ಅವರ ಮನೆಗೆ ಹೋಗಿ ಸಮಾಧಾನ ಹೇಳಿ ಬಂದರು. “ಹಾಲಿ ಮೊದಲು, ಮಾಜಿ ಮತ್ತೆ. ಅದೇ ಅಲ್ವಾ ಕ್ರಮ?” ಎಂದು ನಾನು ಕೇಳಿದೆ. “ಕ್ರಮ ಅದೇ. ಆದ್ರೆ ಅವರಿಗೆ ಬೇಕಾದ್ದು ಕ್ರಮ ಅಲ್ಲ ಮಾಸ್ಟ್ರೇ, ಅವರ ಹೆಸರು ಅವರ ಕಿವಿಗೆ ಬೀಳ್ಬೇಕು. ಮನುಷ್ಯನಿಗೆ ಅದೊಂದು ಆಸೆ. ಇರ್ಲಿ ಬಿಡಿ” ಎಂದರು.

ಆ ಆಸೆ ನಿಜವಾಗಿ ಇದ್ದದ್ದು ಒಬ್ಬರಿಗೆ. ಅವರ ಹೆಸರು ಐಸಮ್ಮ. ಶಾಲೆಯ ಹಿಂದಿನ ಗೇರುಗುಡ್ಡೆ ಅವರದು. ಗಂಡ ಗೇರುಬೀಜದ ವ್ಯಾಪಾರ ಮಾಡಿ ಕಷ್ಟದಲ್ಲಿ ಕೊಂಡಿದ್ದ ಜಾಗ. ಆಟದ ಮೈದಾನ ಇಲ್ಲದೆ ಹೈಸ್ಕೂಲಿಗೆ ಮಂಜೂರಾತಿ ಸಿಗುವುದಿಲ್ಲ ಎಂದಾದಾಗ, ವಿಧವೆಯಾಗಿದ್ದ ಐಸಮ್ಮ ಗುಡ್ಡೆಯನ್ನು ಶಾಲೆಗೆ ಬರೆದುಕೊಟ್ಟರು. ಆಗಿನ ಹೆಡ್‌ಮಾಸ್ಟ್ರು ಅವರ ಮನೆಗೆ ಹೋಗಿ, ಪ್ರತಿಯಾಗಿ ಶಾಲೆಯಿಂದ ಎಂತ ಮಾಡಬೇಕು ಎಂದು ಕೇಳಿದರಂತೆ. ಐಸಮ್ಮ “ವರ್ಷಕ್ಕೆ ಒಮ್ಮೆ ಮೈಕಿನಲ್ಲಿ ನನ್ನ ಹೆಸರು ಹೇಳಿ, ಸಾಕು. ನನ್ನ ಹೆಸರು ಹೇಳ್ಲಿಕ್ಕೆ ಮಕ್ಕಳಿಲ್ಲ” ಎಂದರಂತೆ. ಇದು ಗುಟ್ಟಿನ ಸಂಗತಿ ಅಲ್ಲ. ಊರಿನ ಎಲ್ಲರಿಗೂ ಗೊತ್ತು, ಇವತ್ತಿಗೂ ಗೊತ್ತು.

ವಾರ್ಷಿಕೋತ್ಸವದ ದಿನ ಐಸಮ್ಮ ನಮ್ಮ ಕಡೆಯ ಮುಸ್ಲಿಂ ಹೆಂಗಸರ ತಲೆವಸ್ತ್ರವಾದ ಬಿಳಿ ತಟ್ಟವನ್ನು ತಲೆ ತುಂಬ ಹೊದ್ದು ಬಂದು ಹಿಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಕೂರುವರು. ಭಾಷಣಗಳನ್ನು ಕೇಳುತ್ತಿದ್ದರೋ ಇಲ್ಲವೋ ಹೇಳಲಾರೆ. ಧನ್ಯವಾದಕ್ಕೆ ಟೀಚರ್ ಏಳುವಾಗ ಮಾತ್ರ ಬೆನ್ನು ನೇರ ಮಾಡಿ ಕೂರುವರು. ಆ ಒಂದು ದಿನ ವೇದಿಕೆಯವರಿಗಿಂತಲೂ ಮೊದಲು ಅವರ ಹೆಸರು. “ಈ ಶಾಲೆಯ ಆಟದ ಮೈದಾನದ ಸ್ಥಳದಾನಿ ಶ್ರೀಮತಿ ಐಸಮ್ಮನವರಿಗೆ ಮೊದಲ ಧನ್ಯವಾದ” ಎಂದು ಟೀಚರ್ ಹೇಳಿದ ಕೂಡಲೇ ತಟ್ಟ ಸರಿಮಾಡಿಕೊಂಡು ಎದ್ದು ಮನೆಗೆ ಹೋಗುವರು. ಊಟಕ್ಕೂ ನಿಲ್ಲುತ್ತಿರಲಿಲ್ಲ. ಅವರು ಬಂದ ಕೆಲಸ ಆಗಿರುತ್ತಿತ್ತು.

ಹಳೆಯ ಸಂಚಾಲಕರು ತೀರಿಹೋಗಿ ಅವರ ಮಗ ಆ ಕುರ್ಚಿಗೆ ಬಂದರು. ಹೊಸಬರು ನಯವಾದ ಮಾತಿನವರು. ಯಾರನ್ನೂ ಗದರಿಸಿದ್ದಿಲ್ಲ. ಮೊದಲ ವರ್ಷ ಟೀಚರನ್ನು ಕರೆದು, “ಟೀಚರ್, ವೇದಿಕೆಯಲ್ಲಿ ಅತಿಥಿಗಳಿರುವಾಗ ಅವರ ಹೆಸರು ಮೊದಲು ಬರ್ಲಿ. ಐಸಮ್ಮನದ್ದು ಅವರ ನಂತರ. ಅದಲ್ವಾ ಕ್ರಮ?” ಎಂದರು. ಅದರಲ್ಲಿ ತಪ್ಪು ಕಾಣಲಿಲ್ಲ, ಟೀಚರ್ ಒಪ್ಪಿದರು. ಇನ್ನೊಂದು ವರ್ಷ ರಂಗಮಂದಿರ ಕಟ್ಟಿಸಿದ ಪುಣ್ಯಾತ್ಮರು ಐಸಮ್ಮನಿಗಿಂತ ಮುಂದೆ ಬಂದರು. ಮತ್ತೊಂದು ವರ್ಷ ಗೇಟು ಕೊಟ್ಟವರು, ನೀರಿನ ಟಾಂಕಿ ಕೊಟ್ಟವರು. ಅಷ್ಟರಲ್ಲಿ ಊರಿನ ಗಾಳಿಯೂ ಬದಲಾಗಿತ್ತು. ಯಾರ ಅಂಗಡಿಯಿಂದ ಯಾರು ಸಾಮಾನು ತರಬೇಕು ಎಂದು ಜನ ಲೆಕ್ಕ ಹಾಕುವ ಕಾಲ ಬಂದಿತ್ತು. “ಈಗಿನ ಪರಿಸ್ಥಿತಿ ನಿಮಗೆ ಗೊತ್ತುಂಟಲ್ಲ ಟೀಚರ್. ಹೆಸರು ಹೇಳಿ ಆ ಹೆಂಗಸಿಗೇ ಯಾಕೆ ತೊಂದರೆ? ಸ್ಥಳದಾನಿಗಳು ಅಂತ ಹೇಳಿದ್ರೆ ಅವರಿಗೆ ಗೊತ್ತಾಗ್ತದೆ” ಎಂದರು ಸಂಚಾಲಕರು. ಎಷ್ಟು ಕಾಳಜಿ ನೋಡಿ! ಕೊನೆಗೆ ‘ಸ್ಥಳದಾನಿಗಳು’ ಕೂಡ ‘ಸಹಕರಿಸಿದ ಸರ್ವರಿಗೂ’ ಎಂಬುದರೊಳಗೆ ಕರಗಿಹೋಯಿತು. ಮೈದಾನಕ್ಕೆ ಸಂಚಾಲಕರ ತಂದೆಯ ಹೆಸರಿನ ಫಲಕ ಬಂತು.

ಐಸಮ್ಮ ಬರುವುದನ್ನು ಬಿಡಲಿಲ್ಲ. ಅದೇ ಕುರ್ಚಿ, ಅದೇ ತಟ್ಟ. ಈಗ ಧನ್ಯವಾದ ಮುಗಿದರೂ ಏಳುವುದಿಲ್ಲ, ಇನ್ನೂ ಏನೋ ಬಾಕಿ ಉಂಟು ಎಂಬಂತೆ ಮೈಕಿನ ಕಡೆ ನೋಡುತ್ತ ಕುಳಿತಿರುವರು. ಕುರ್ಚಿ ಒಟ್ಟುಮಾಡುವವರು ಬಂದು “ಮುಗೀತು ಐಸಮ್ಮ” ಎಂದ ಮೇಲೆ ಏಳುವರು. ನನಗೆ ಅದನ್ನು ನೋಡಲಿಕ್ಕಾಗದೆ ಒಂದು ವರ್ಷ ಟೀಚರ ಮೇಲೆ ರೇಗಿಬಿಟ್ಟೆ.

“ಎಂತ ಟೀಚರ್, ಒಂದು ಹೆಸರು ಹೇಳಿದ್ರೆ ಅವರು ನಿಮ್ಮ ನಾಲಿಗೆ ಕೀಳ್ತಾರಾ?”

ಅವರು ತಲೆ ಎತ್ತಲಿಲ್ಲ. “ಕ್ರಮೇಣ ಅಂತ ಒಂದು ಪದ ಉಂಟು ಮಾಸ್ಟ್ರೇ. ನಾನು ಮಕ್ಕಳಿಗೆ ಅದೊಂದು ಹೇಳಿಕೊಡ್ಲಿಲ್ಲ. ಹೆಜ್ಜೆ ಹೆಜ್ಜೆಯಾಗಿ ಅಂತ ಅರ್ಥ. ಅವರು ಒಂದೇ ಸಲ ಐಸಮ್ಮನ ಹೆಸರು ಬಿಡಿ ಅಂತ ಹೇಳಿದ್ರೆ ನಾನು ಮೈಕ್ ಬಿಟ್ಟು ಬರ್ತಿದ್ದೆ. ಹಾಗೆ ಹೇಳ್ಲೇ ಇಲ್ಲ. ಒಂದೊಂದೇ ಹೆಜ್ಜೆ ಹಿಂದೆ ಇಡಿಸಿದ್ರು. ಪ್ರತಿ ಸಲವೂ ಒಂದೇ ಹೆಜ್ಜೆ ಅಲ್ವಾ ಅಂತ ನಾನೇ ಇಟ್ಟೆ.”

ಮುಂದಿನ ವರ್ಷ ಅವರು ಒಂದು ಧೈರ್ಯ ಮಾಡಿದರು. ಧನ್ಯವಾದದ ನಡುವೆ, ಶಾಮಿಯಾನದವರಿಗೂ ಮೈಕಿನವರಿಗೂ ಮಧ್ಯೆ, ಐಸಮ್ಮನ ಹೆಸರನ್ನು ಸೇರಿಸಿ ಬೇಗ ಬೇಗ ಹೇಳಿಬಿಟ್ಟರು. ಐಸಮ್ಮನಿಗೆ ಆಗಲೇ ಕಿವಿ ಮಂದವಾಗಿತ್ತು, ಅಷ್ಟು ಬೇಗ ಹೇಳಿದ್ದು ಅವರಿಗೆ ಗೊತ್ತಾಗಲಿಲ್ಲ. ಸಂಚಾಲಕರಿಗೆ ಗೊತ್ತಾಯಿತು. ಸೂಚನೆ ಮೀರಿ ನಡೆದುಕೊಂಡರೆ ಶಿಸ್ತುಕ್ರಮ ಜರುಗಿಸಲಾಗುವುದು ಎಂದು ಟೀಚರಿಗೆ ನೋಟೀಸು ಬಂತು. ಅದನ್ನು ಓದಿ ಅವರು ನಕ್ಕರು. “ನೋಡಿ ಮಾಸ್ಟ್ರೇ, ಕಾಲು ಅದೇ. ಹೆಜ್ಜೆ ಅಂತ ಇದ್ದ ಪದಕ್ಕೆ ಈಗ ಒದೆ ಅಂತ ಅರ್ಥ ಬಂದಿದೆ.” ನಕ್ಕ ಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಮುಂದಿನ ವಾರ್ಷಿಕೋತ್ಸವದಲ್ಲಿ ಹೆಸರು ಇರಲಿಲ್ಲ.

ಹೀಗೆ ಇರುವಾಗ ಅವರ ನಿವೃತ್ತಿ ಬಂತು. ನಮ್ಮಲ್ಲಿ ನಿವೃತ್ತರಾಗುವವರಿಗೆ ಸನ್ಮಾನ ಮಾಡಿ, ಅವರಿಂದ ನಾಲ್ಕು ಮಾತು ಆಡಿಸುವ ಪದ್ಧತಿ. ಆ ಮಾತು ಅವರ ಸ್ವಂತದ್ದು, ಯಾರ ಹೆಸರು ಎಲ್ಲಿ ಬರಬೇಕು ಎಂದು ಬೇರೆಯವರು ಹೇಳುವ ಹಾಗಿಲ್ಲ. ಟೀಚರ ಮುಖದಲ್ಲಿ ಒಂದು ಕಳೆ ಬಂದಿತ್ತು. “ಇದೊಂದು ಮಾತು ನಂದು ಮಾಸ್ಟ್ರೇ. ಐಸಮ್ಮನ ಹೆಸರು ಮೊದಲು ಹೇಳುದು. ಜೋರಾಗಿ ಹೇಳುದು, ನಿಧಾನ ಹೇಳುದು. ಅವರಿಗೆ ಜೀವ ಇರುವಾಗ ಒಮ್ಮೆ ಕೇಳ್ಬೇಕು” ಎಂದರು. ನನಗೂ ಖುಷಿಯಾಯಿತು.

ಮರುದಿನ ಬಂದು, “ಸಂಚಾಲಕರಿಗೂ ಹೇಳಿ ಬಂದೆ” ಎಂದರು. ನಾನು ಹಣೆ ಹಣೆ ಚಚ್ಚಿಕೊಂಡೆ.

“ಯಾಕೆ ಹೇಳ್ಲಿಕ್ಕೆ ಹೋದ್ರಿ ಮಾರಾಯ್ರೆ?”

“ಸಭೆ ಅವರದ್ದಲ್ವಾ. ಹೇಳದೆ ಮಾಡುದು ಕ್ರಮ ಅಲ್ಲ. ಅವರು ಎಂತದೂ ಬೇಡ ಹೇಳ್ಲಿಲ್ಲ. ಧಾರಾಳ ಹೇಳಿ ಟೀಚರ್, ನಿಮ್ಮ ದಿನ ಅಲ್ವಾ ಅಂದ್ರು.”

ನಯವಾದ ಮನುಷ್ಯ ಎಂದು ಮೊದಲೇ ಹೇಳಿದೆನಲ್ಲ.

ಆ ದಿನ ಟೀಚರ್ ತಾವೇ ರಿಕ್ಷಾ ಮಾಡಿಕೊಂಡು ಹೋಗಿ ಐಸಮ್ಮನನ್ನು ಕರೆದು ತಂದರು. ಐಸಮ್ಮನಿಗೆ ನಡೆಯಲು ಕಷ್ಟವಾಗಿತ್ತು, ಬೆನ್ನು ಬಗ್ಗಿತ್ತು. ಮುಂದೆ ಕೂರಿ ಎಂದರೆ ಒಪ್ಪಲಿಲ್ಲ, ಹಿಂದಿನ ಸಾಲಿನ ತುದಿಯೇ ಬೇಕು ಎಂದರು. ಅವರ ಪಕ್ಕದಲ್ಲಿ ನನ್ನನ್ನು ಕೂರಿಸಿ, “ನೋಡಿಕೊಳ್ಳಿ ಮಾಸ್ಟ್ರೇ” ಎಂದು ಟೀಚರ್ ವೇದಿಕೆಗೆ ಹೋದರು. ಹಸಿರು ಅಂಚಿನ ಸೀರೆ ಉಟ್ಟಿದ್ದರು. ಸಭೆಗೆ ಬರಬೇಕಾದ ರಾಜಕೀಯದ ಮುಖ್ಯ ಅತಿಥಿ ಹೇಳಿದ ಹೊತ್ತಿಗೆ ಬರಲಿಲ್ಲ. ಮಕ್ಕಳು ಹಾಡಿದರು, ಕುಣಿದರು, ಮತ್ತೆ ಹಾಡಿದರು. ಬಿಸಿಲು ಶಾಮಿಯಾನದೊಳಗೆ ಇಳಿಯಿತು. ಐಸಮ್ಮ ಆಗಾಗ “ಟೀಚರ್ ಮಾತಾಡಿ ಆಯ್ತಾ?” ಎಂದು ಕೇಳುವರು. “ಇನ್ನೂ ಇಲ್ಲ. ಸನ್ಮಾನ ಆದ ಮೇಲೆ” ಎಂದು ನಾನು ಅವರ ಕಿವಿಯ ಹತ್ತಿರ ಹೇಳುವೆನು.

ಮುಖ್ಯ ಅತಿಥಿ ಬಂದದ್ದು ಊಟದ ಹೊತ್ತಿಗೆ. ಬಂದವರೇ ಟೀಚರಿಗೆ ಶಾಲು ಹೊದಿಸಿ, ಹಾರ ಹಾಕಿ, ಫೋಟೋಕ್ಕೆ ನಿಂತರು. ಇನ್ನು ಟೀಚರ ಮಾತು ಎಂದು ನಾನು ಐಸಮ್ಮನ ಕೈ ಮುಟ್ಟಿ ಎಚ್ಚರಿಸಿದೆ. ಅಷ್ಟರಲ್ಲಿ ಸಂಚಾಲಕರು ಎದ್ದು ಬಂದು ನಿರೂಪಕರ ಕಿವಿಯಲ್ಲಿ ಏನೋ ಹೇಳಿದರು. “ಸಮಯದ ಅಭಾವದಿಂದ ಕಾರ್ಯಕ್ರಮದಲ್ಲಿ ಸಣ್ಣ ಬದಲಾವಣೆ. ಅತಿಥಿಗಳಿಗೆ ಬೇರೆ ಕಡೆ ಹೋಗ್ಲಿಕ್ಕುಂಟು, ಅವರ ಮಾತು ಮೊದಲು” ಎಂದು ಮೈಕು ಹೇಳಿತು. ಸಮಯದ ಅಭಾವ ಇದ್ದ ಅತಿಥಿ ದೇಶದ ಭವಿಷ್ಯದ ಬಗ್ಗೆ ಸಾವಕಾಶವಾಗಿ ಮಾತಾಡಿದರು. ಅವರ ನಂತರ ಅಧ್ಯಕ್ಷರು. ಆಮೇಲೆ ಹೊಸತಾಗಿ ಸೇರಿದ್ದ ಒಬ್ಬರು ಧನ್ಯವಾದಕ್ಕೆ ಎದ್ದರು. ಟೀಚರ್ ವೇದಿಕೆಯಲ್ಲಿ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಿರೂಪಕರನ್ನೇ ನೋಡುತ್ತಿದ್ದರು. ತಮ್ಮನ್ನು ಈಗ ಕರೆಯುತ್ತಾರೆ ಎಂದೇ ಅವರು ಕೊನೆಯವರೆಗೂ ತಿಳಿದಿದ್ದರು. ಆ ನೋಟ ನನ್ನ ಕಣ್ಣಿನಿಂದ ಹೋಗಿಲ್ಲ.

“ಈಗ ರಾಷ್ಟ್ರಗೀತೆ. ಎಲ್ಲರೂ ಎದ್ದು ನಿಲ್ಲಬೇಕು.”

ಎಲ್ಲರೂ ಎದ್ದರು. ಐಸಮ್ಮನೂ ನನ್ನ ತೋಳು ಹಿಡಿದು ಎದ್ದು ನಿಂತರು. ಟೀಚರ್ ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟು, ಶಾಲು ಜಾರದಂತೆ ಸಿಕ್ಕಿಸಿ, ಕೈಗಳನ್ನು ಕೆಳಗೆ ಬಿಟ್ಟು ನೇರವಾಗಿ ನಿಂತು ಬಾಯಿಬಿಟ್ಟು ಹಾಡಿದರು. ಹಾಡು ಮುಗಿಯಿತು. “ಊಟದ ವ್ಯವಸ್ಥೆ ಉಂಟು, ಯಾರೂ ಊಟ ಮಾಡದೆ ಹೋಗಬಾರದು” ಎಂದು ಮೈಕು ಹೇಳಿತು. ಕುರ್ಚಿಗಳು ಕರಕರ ಎಂದವು, ಊರಿಗೆ ಊರೇ ಅಡುಗೆ ಚಪ್ಪರದ ಕಡೆ ಹೊರಟಿತು.

ನಾನು ಐಸಮ್ಮನನ್ನು ಕೂರಿಸಿ ವೇದಿಕೆಗೆ ಓಡಿದೆ. ಮೈಕಿನವನು ಇನ್ನೂ ವಯರು ಸುತ್ತಿರಲಿಲ್ಲ, ಕೆಂಪು ದೀಪ ಉರಿಯುತ್ತಿತ್ತು.

“ಟೀಚರ್, ಮೈಕ್ ಉಂಟು. ಹೇಳಿ! ಒಂದು ಹೆಸರು ಅಲ್ವಾ, ಹೇಳಿಬಿಡಿ!”

ಅವರು ಮೈಕಿನ ಹತ್ತಿರ ಬಂದರು. ಅದರ ಕುತ್ತಿಗೆಯನ್ನು ಕೈಯಲ್ಲಿ ಹಿಡಿದರು. ತುಟಿ ಅಲುಗಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಕೈ ಬಿಟ್ಟರು.

“ರಾಷ್ಟ್ರಗೀತೆ ಆಯ್ತಲ್ಲ ಮಾಸ್ಟ್ರೇ. ಇನ್ನು ಮಾತಾಡುದು ಕ್ರಮ ಅಲ್ಲ.”

ನನಗೆ ಬಂದ ಸಿಟ್ಟಿಗೆ ಆ ಮೈಕನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಕೆಸರಿನ ಮಾತು ಹೇಳಿಕೊಟ್ಟವರು ಇವರೇನಾ? ಸಂಚಾಲಕರಿಗೆ ಟೀಚರ ಪಾಠ ಎಂಟನೇ ತರಗತಿಯ ಮಕ್ಕಳಿಗಿಂತ ಚೆನ್ನಾಗಿ ಅರ್ಥವಾಗಿತ್ತು. ಇವರ ಬಾಯಿ ಮುಚ್ಚಿಸಲು ಬೇರೆ ಏನೂ ಬೇಡ, ಜನಗಣಮನ ಒಂದನ್ನು ಸ್ವಲ್ಪ ಮುಂದಕ್ಕೆ ತಂದರೆ ಸಾಕು, ಉಳಿದದ್ದನ್ನು ಟೀಚರೇ ಮಾಡಿಕೊಳ್ಳುತ್ತಾರೆ ಎಂದು ಆ ಮನುಷ್ಯನಿಗೆ ಗೊತ್ತಿತ್ತು. ಸಂಚಾಲಕರು ಆಗಲೇ ಕೈ ತೊಳೆದು ಬಂದು ನಗುತ್ತ ನಿಂತಿದ್ದರು. “ಬನ್ನಿ ಟೀಚರ್, ಊಟ ಮಾಡುವ. ಇವತ್ತು ನೀವೇ ಮೊದಲು.”

ಟೀಚರ್ ಅವರಿಗೆ ಕೈ ಮುಗಿದು, ನೆರಿಗೆ ಹಿಡಿದು ವೇದಿಕೆ ಇಳಿದರು. ಖಾಲಿ ಕುರ್ಚಿಗಳ ನಡುವಿನಿಂದ ಹಿಂದಿನ ಸಾಲಿಗೆ ನಡೆದರು. ನಾನೂ ಅವರ ಹಿಂದೆ ಹೋದೆ. ಐಸಮ್ಮ ಮೈಕಿನ ಕಡೆ ನೋಡುತ್ತ ಕುಳಿತೇ ಇದ್ದರು. ಟೀಚರ್ ಅವರ ಮುಂದೆ ನೆಲದ ಮೇಲೆ ಮೊಣಕಾಲೂರಿ, ತಟ್ಟದ ಅಂಚನ್ನು ಸ್ವಲ್ಪ ಸರಿಸಿ, ಕಿವಿಯ ಹತ್ತಿರ ಬಾಯಿ ತಂದು, ಜೋರಾಗಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು:

“ಈ ಶಾಲೆಯ ಆಟದ ಮೈದಾನದ ಸ್ಥಳದಾನಿ ಶ್ರೀಮತಿ ಐಸಮ್ಮನವರಿಗೆ ಮೊದಲ ಧನ್ಯವಾದ.”

ಐಸಮ್ಮನಿಗೆ ಈ ಸಲ ಎಲ್ಲವೂ ಕೇಳಿಸಿತ್ತು. ಅವರು ಟೀಚರ ಮುಖವನ್ನೇ ನೋಡಿದರು. ಆಮೇಲೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಊರಿನ ಕಡೆ ಕೈ ತೋರಿಸಿದರು.

“ನನ್ನ ಹೆಸರು ನನಗೆ ಗೊತ್ತುಂಟಲ್ಲ ಟೀಚರೇ. ಅವರಿಗೆ ಹೇಳಿ.”